ಹತ್ತಕ್ಕೆ ನಾಲ್ಕು

ಹೂಲಿ
೧೨-೮-೨೦೨೪

ಚಿ. ಸೌ. ಶ್ರದ್ಧಾಳಿಗೆ ತಾರಾಮೌಶಿಯ ಆಶೀರ್ವಾದ. ಆಶೀರ್ವಾದದ ಬೆನ್ನಿಗೇ ಒಂದಿಷ್ಟು ಬೈಗುಳವೂ ಇದೆ, ಕೂತು ಓದು.

ಪಂಚಮಿಗೆ ನೀನು ಬರಲಿಲ್ಲ. ನಿನ್ನ ಮದುವೆಯಾಗಿ ಮೂರು ವರ್ಷ, ನಿಮ್ಮವ್ವ, ನನ್ನಕ್ಕ ತೀರಿಕೊಂಡು ಐದು ವರ್ಷ. ಈ ಐದು ವರ್ಷದಲ್ಲಿ ನೀನು ಪಂಚಮಿ ತಪ್ಪಿಸಿದ್ದು ಇದೇ ಮೊದಲು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಮಾಡಿ ಡಬ್ಬಿ ತುಂಬಿಸಿ ಬಾಗಿಲ ಕಡೆ ನೋಡುತ್ತ ಕೂತಿದ್ದೆ. ಕೊನೆಗೆ ಪಕ್ಕದ ಮನೆಯ ನೀಲಾ ಎಲ್ಲವನ್ನೂ ತನ್ನ ಅಂಗನವಾಡಿಗೆ ಒಯ್ದು ಮಕ್ಕಳಿಗೆ ಹಂಚಿದಳು. ಅವಳ ಫೋನಿನಿಂದ ವಾಟ್ಸಾಪಿನಲ್ಲಿ ಏನು ಕಳಿಸಿದರೂ ಎರಡು ತಿಂಗಳಿಂದ ಒಂದೇ ರೈಟು ಬೀಳುತ್ತಿದೆ. ಮೂವತ್ತೈದು ವರ್ಷ ಸಾಲಿಯಲ್ಲಿ ಮಕ್ಕಳ ಪುಸ್ತಕಕ್ಕೆ ರೈಟು ಹಾಕಿದವಳು ನಾನು. ಒಂದು ರೈಟಿನ ಅರ್ಥ ನನಗೆ ಗೊತ್ತಿಲ್ಲವೇ?

ನಿಮ್ಮಪ್ಪನನ್ನು ಕೇಳಿದರೆ ರಾಮದುರ್ಗದಿಂದ ಉದ್ದ ಸಂದೇಶ ಬಂತು. ಶ್ರದ್ಧಾ ಆರಾಮ ಇದ್ದಾಳೆ, ಅಳಿಯ ಅಭಿಜಿತ ಮನೆಯ ಒಳಗೂ ಹೊರಗೂ ಸೇರಿ ನಾಲ್ಕು ಕ್ಯಾಮೆರಾ ಹಾಕಿಸಿದ್ದಾನೆ, ಮೊಬೈಲ್ ಅಂಗಡಿಯಲ್ಲಿ ಕೂತೇ ಮನೆಯ ಮೇಲೆ ಕಣ್ಣಿಟ್ಟಿರುತ್ತಾನೆ, ಬೈಲಹೊಂಗಲದಲ್ಲಿ ಕಳ್ಳರ ಕಾಟ ಹೆಚ್ಚಾಗಿದೆಯಂತೆ, ಜವಾಬ್ದಾರಿಯ ಹುಡುಗ, ಇತ್ಯಾದಿ. ಒಳ್ಳೆಯದೇ. ಆದರೂ ನನಗೆ ಸಮಾಧಾನವಿಲ್ಲ. ಅದಕ್ಕೇ ಈ ಕಾಗದ. ಹೂಲಿಗೆ ಇನ್ನೂ ಟಪಾಲು ಬರುತ್ತದೆ, ಮಡಿವಾಳೆಪ್ಪನ ಸೈಕಲ್ಲು ಇನ್ನೂ ಓಡುತ್ತದೆ.

ಇರಲಿ, ನಮ್ಮ ಪದ್ಧತಿ ಬಿಡಬಾರದು. ಮೊನ್ನೆ ಟಿವಿಯಲ್ಲಿ ಹೊಸ ಸಿನಿಮಾ ಹಾಕಿದ್ದರು. ನಾಯಕ ಒಬ್ಬನೇ ನಲವತ್ತು ಜನರನ್ನು ಹೊಡೆದ, ಅಂಗಿಯ ಇಸ್ತ್ರಿ ಮುರಿಯಲಿಲ್ಲ. ಎರಡೂವರೆ ತಾಸು ಆ ಮನುಷ್ಯ ಒಂದು ತುತ್ತು ಉಣ್ಣಲಿಲ್ಲ, ಒಂದು ಸಲ ಕೂತು ಬೆವರು ಒರೆಸಿಕೊಳ್ಳಲಿಲ್ಲ. ಅವನ ತಾಯಿ ಮಾತ್ರ ಚೆನ್ನಾಗಿ ಅತ್ತಳು. ಹತ್ತಕ್ಕೆ ಮೂರು, ಮೂರೂ ಆ ತಾಯಿಗೆ.

ಕಿವಿ ಹೋಗಿ ಹತ್ತೊಂಬತ್ತು ವರ್ಷವಾಯಿತು. ನೀನು ರಜೆಗೆ ಬಂದು ಟಿವಿಯ ಪಕ್ಕದಲ್ಲಿ ಪಾಟಿ ಹಿಡಿದು ಕೂತು, ಅವರು ಆಡಿದ್ದನ್ನೆಲ್ಲ ಬಳಪದಿಂದ ಬರೆದು ತೋರಿಸುತ್ತಿದ್ದುದು ದಿನಾ ನೆನಪಾಗುತ್ತದೆ. ಒಂದು ಬೇಸಿಗೆಯಲ್ಲಂತೂ ಇಡೀ ಧಾರಾವಾಹಿಯನ್ನೇ ಬದಲಿಸಿಬಿಟ್ಟಿದ್ದೆ. ಅಲ್ಲಿ ಅಣ್ಣತಮ್ಮಂದಿರು ಹೊಲಕ್ಕಾಗಿ ಬಡಿದಾಡುತ್ತಿದ್ದರೆ ನಿನ್ನ ಪಾಟಿಯಲ್ಲಿ ಕಳೆದುಹೋದ ಆನೆಮರಿಯನ್ನು ಹುಡುಕುತ್ತಿದ್ದರು. ಒಂದು ತಿಂಗಳು ಆ ಆನೆಮರಿಯ ದಾರಿ ಕಾದೆ ನಾನು, ಹುಚ್ಚಿ. ಈಗಲೂ ಟಿವಿಯ ಮುಂದೆ ಪಾಟಿ ಇಟ್ಟಿದ್ದೇನೆ. ಬರೆಯುವವರಿಲ್ಲ.

ಆರಾಮ ಇದ್ದೀಯೋ ಇಲ್ಲವೋ ನಿನ್ನ ಕೈಯಿಂದ ಬರೆದು ಕಳಿಸು. ನಿಮ್ಮಪ್ಪನ ಕೈಯಿಂದ ಬೇಡ.

ನಿನ್ನ
ತಾರಾಮೌಶಿ

ತಾ.ಕ.: ಮನೆಯ ನಂಬರು ನೆನಪಿಲ್ಲ. ಅದಕ್ಕೆ ಅಂಗಡಿಯ ವಿಳಾಸಕ್ಕೇ ಹಾಕಿದ್ದೇನೆ.


ಬೈಲಹೊಂಗಲ
೨೧-೮-೨೦೨೪

ಪ್ರೀತಿಯ ಮೌಶಿಗೆ ಶ್ರದ್ಧಾ ಮಾಡುವ ನಮಸ್ಕಾರ.

ನಿನ್ನ ಕಾಗದ ಮುಟ್ಟಿತು. ಇವರು ಅಂಗಡಿಯಲ್ಲೇ ಓದಿ, ನಕ್ಕು, ಸಂಜೆ ತಂದುಕೊಟ್ಟರು. ನಾನು ಬರೆದದ್ದನ್ನೂ ಇವರೇ ಓದಿ ಟಪಾಲಿಗೆ ಹಾಕುತ್ತಾರೆ. ಆದ್ದರಿಂದ ಕಾಗುಣಿತ ತಪ್ಪಿದರೆ ಅರ್ಧ ಪೆಟ್ಟು ಇವರಿಗೂ ಬೀಳಲಿ. ನಾನು ಆರಾಮ ಇದ್ದೇನೆ. ಫೋನು ಕೆಟ್ಟಿದೆ. ಮೊಬೈಲ್ ಅಂಗಡಿಯವರ ಹೆಂಡತಿಯ ಫೋನು ಎರಡು ತಿಂಗಳಾದರೂ ರಿಪೇರಿ ಆಗಿಲ್ಲ ಅಂದರೆ ನೀನು ನಗುತ್ತೀ. ಪಂಚಮಿಗೆ ಇವರಿಗೆ ಪುರಸೊತ್ತಿರಲಿಲ್ಲ, ನನ್ನೊಬ್ಬಳನ್ನೇ ಬಸ್ಸಿಗೆ ಕಳಿಸಲು ಮನಸ್ಸಾಗಲಿಲ್ಲ. ಉಂಡಿ ನೆನೆದು ಬಾಯಲ್ಲಿ ನೀರು ಬಂತು.

ಧಾರಾವಾಹಿಯ ಮಾತು ಬಂದರೆ ಹೆಂಗಸರ ಹರಟೆ ಅಂತ ಇವರು ಪುಟ ಮಗುಚಿಬಿಡುತ್ತಾರೆ. ಹಾಗಾಗಿ ಇಲ್ಲಿಂದ ಮುಂದಿನದು ನಿನಗೊಬ್ಬಳಿಗೇ.

ಮಧ್ಯಾಹ್ನ ಒಂದು ಹೊಸ ಧಾರಾವಾಹಿ ನೋಡುತ್ತಿದ್ದೇನೆ ಮೌಶಿ. ರಾಜರ ಕಾಲದ್ದು. ಹೆಸರು ‘ನಾಲ್ಕು ಬುರುಜಿನ ರಾಣಿ’. ಒಂದು ಕೋಟೆ, ಅದಕ್ಕೆ ನಾಲ್ಕು ಬುರುಜು, ಬುರುಜಿಗೊಬ್ಬ ಕಾವಲುಗಾರ. ಅವರು ನಿದ್ದೆ ಮಾಡುವುದಿಲ್ಲ, ಮಾತಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ರಾಣಿ ಎಷ್ಟು ಹೊತ್ತಿಗೆ ಎದ್ದಳು, ಯಾವ ಸೀರೆ ಉಟ್ಟಳು, ಕಿಟಕಿಯ ಹತ್ತಿರ ಎಷ್ಟು ಹೊತ್ತು ನಿಂತಳು, ಎಲ್ಲವೂ ರಾಜನಿಗೆ ಕೂತಲ್ಲೇ ತಿಳಿಯುತ್ತದೆ. ಸಂಜೆ ಬಂದು ಒಂದೊಂದಾಗಿ ಕೇಳುತ್ತಾನೆ. ಕಿಟಕಿಯಲ್ಲಿ ಯಾಕೆ ನಿಂತಿದ್ದೆ? ಹೂವಿನವಳ ಜೊತೆ ನಕ್ಕದ್ದು ಯಾಕೆ? ಉತ್ತರ ಅವನಿಗೆ ಸರಿಬರದಿದ್ದರೆ ಶಿಕ್ಷೆ. ಶಿಕ್ಷೆಯನ್ನು ತೋರಿಸುವುದಿಲ್ಲ, ಬಾಗಿಲು ಮುಚ್ಚಿದ್ದನ್ನಷ್ಟೇ ತೋರಿಸುತ್ತಾರೆ. ಮರುದಿನ ರಾಣಿ ಉದ್ದ ತೋಳಿನ ಕುಪ್ಪಸ ತೊಟ್ಟಿರುತ್ತಾಳೆ. ನೋಡಿದವರಿಗೆ ತಿಳಿಯುತ್ತದೆ.

ಇಡೀ ಕೋಟೆಯಲ್ಲಿ ಕಾವಲುಗಾರರ ಕಣ್ಣಿಗೆ ಬೀಳದ ಜಾಗ ಒಂದೇ, ಬಚ್ಚಲು. ರಾಣಿ ಅಲ್ಲಿ ಹೋಗಿ ನೀರು ಬಿಟ್ಟುಕೊಂಡು ಕೂತಿರುತ್ತಾಳೆ. ಬಹಳ ಹೊತ್ತು ಕೂತರೆ ಅದಕ್ಕೂ ಸಂಜೆ ಉತ್ತರ ಕೊಡಬೇಕು.

ನಿನಗೆ ಹೇಗನಿಸಿತು, ಎಷ್ಟು ಅಂಕ ಕೊಡುತ್ತೀ, ಬೇಗ ಬರೆ. ಬಹಳ ಬೇಗ ಬರೆ.

ನಿನ್ನ
ಶ್ರದ್ಧಾ

ತಾ.ಕ.: ಆನೆಮರಿಯನ್ನು ನಾನೂ ಮರೆತಿಲ್ಲ. ದಿನಾ ನೆನೆಯುತ್ತೇನೆ.


ಹೂಲಿ
೨೮-೮-೨೦೨೪

ಚಿ. ಸೌ. ಶ್ರದ್ಧಾಳಿಗೆ ಆಶೀರ್ವಾದ. ನಿನ್ನ ಅಕ್ಷರ ಕಂಡು ಹೊಟ್ಟೆ ತಣ್ಣಗಾಯಿತು. ಈಗ ಜಗಳ.

ನಿನ್ನ ಧಾರಾವಾಹಿ ಬರೆದವರು ಕೋಟೆಯನ್ನೇ ಕಂಡವರಲ್ಲ. ಏಳನೇ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ತೊರಗಲ್ ಕೋಟೆಯನ್ನು ನಾಲ್ಕು ಸಲ ಹತ್ತಿದ್ದೇನೆ ನಾನು. ಬುರುಜಿನ ಮೇಲಿನ ಕಾವಲುಗಾರ ಹೊರಗೆ ನೋಡುತ್ತಾನೆ ಮಗಳೇ, ಒಳಗಲ್ಲ. ಶತ್ರು ಬರುವುದು ಹೊರಗಿನಿಂದ. ಮನೆಯ ಹೆಂಗಸನ್ನು ಕಾಯಲು ಯಾರಾದರೂ ನಾಲ್ಕು ಬುರುಜು ಕಟ್ಟಿಸುತ್ತಾರೆಯೇ? ಕಣ್ಣು ಮಿಟುಕಿಸದ ಮನುಷ್ಯರು ಎಲ್ಲಿ ಸಿಗುತ್ತಾರೆ? ಇನ್ನು ಆ ರಾಜ! ದಂಡು ಕಟ್ಟಬೇಕು, ಕಂದಾಯ ಎತ್ತಬೇಕು, ನ್ಯಾಯ ಹೇಳಬೇಕು. ಅದೆಲ್ಲ ಬಿಟ್ಟು ಹೆಂಡತಿ ಕಿಟಕಿಯಲ್ಲಿ ಎಷ್ಟು ಹೊತ್ತು ನಿಂತಳು ಅಂತ ಎಣಿಸುತ್ತ ಕೂಡುತ್ತಾನೆಯೇ? ಇಂಥ ಗಂಡಸನ್ನು ನಾನು ಎಲ್ಲೂ ಕಂಡಿಲ್ಲ. ನನಗಂತೂ ನಂಬಿಕೆ ಬರಲಿಲ್ಲ.

ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಕೂಡುವ ಭಾಗ ಮಾತ್ರ ಮನಸ್ಸಿಗೆ ತಾಕಿತು. ಅದನ್ನು ಯಾರೋ ಹೆಂಗಸು ಬರೆದಿರಬೇಕು. ಅದಕ್ಕಾಗಿ ಹತ್ತಕ್ಕೆ ನಾಲ್ಕು. ಹೆಚ್ಚು ಕೇಳಬೇಡ.

ಇನ್ನೊಂದು ಮಾತು. ಆ ರಾಣಿಗೆ ತವರು ಇಲ್ಲವೇ? ಅಪ್ಪನೋ ಅಣ್ಣನೋ ಯಾರೂ ಬಂದು ನೋಡುವುದಿಲ್ಲವೇ? ತವರಿಲ್ಲದ ನಾಯಕಿಯನ್ನು ಇಟ್ಟರೆ ಕಥೆ ಬರೆಯುವವರಿಗೆ ಸುಲಭ, ಅಷ್ಟೇ.

ನಿನ್ನ
ತಾರಾಮೌಶಿ

ತಾ.ಕ.: ನಾಲ್ಕು ಅಂಕ ಕೊಟ್ಟೆ ಅಂತ ಮುಖ ಊದಿಸಬೇಡ. ನಿನ್ನ ಅಕ್ಷರ ಸ್ವಲ್ಪ ಡೊಂಕಾಗಿದೆ. ಬೆನ್ನು ನೆಟ್ಟಗೆ ಮಾಡಿ ಕೂತು ಬರೆ.


ಬೈಲಹೊಂಗಲ
೫-೯-೨೦೨೪

ಪ್ರೀತಿಯ ಮೌಶಿ,

ಇಂದು ಶಿಕ್ಷಕರ ದಿನ. ಮೊದಲು ಅದಕ್ಕೊಂದು ನಮಸ್ಕಾರ. ಇಲ್ಲಿ ಎಲ್ಲರೂ ಆರಾಮ. ಮಳೆ ಜೋರಾಗಿದೆ. ಇವರು ಅಂಗಡಿಗೆ ಹೊಸ ಬೋರ್ಡು ಹಾಕಿಸಿದ್ದಾರೆ, ಚೆನ್ನಾಗಿ ಕಾಣುತ್ತದೆ.

ಇನ್ನು ಧಾರಾವಾಹಿ. ನಾಲ್ಕು ಅಂಕ ಬಹಳ ಕಡಿಮೆಯಾಯಿತು ಮೌಶಿ. ರಾಣಿಯ ಪಾತ್ರದವಳು ಎಷ್ಟು ಕಷ್ಟಪಟ್ಟು ಮಾಡುತ್ತಿದ್ದಾಳೆ ಎಂಬುದನ್ನಾದರೂ ಲೆಕ್ಕಕ್ಕೆ ಹಿಡಿ.

ನೀನು ತವರು ಕೇಳಿದೆ. ತವರು ಇದೆ. ಹೋದ ವಾರದ ಕಂತಿನಲ್ಲಿ ರಾಣಿಯ ಅಪ್ಪ ಬಂದಿದ್ದ. ರಾಜ ಅವನಿಗೆ ಹೋಳಿಗೆ ಊಟ ಹಾಕಿಸಿ, ಶಾಲು ಹೊದಿಸಿ, ಕೋಟೆಯನ್ನೆಲ್ಲ ತೋರಿಸಿದ. ಅಪ್ಪ ದೇವರ ಕೋಣೆಯಲ್ಲಿ ಸಂಧ್ಯಾವಂದನೆಗೆ ಕೂತಾಗ ರಾಣಿ ನೀರಿನ ತಂಬಿಗೆ ಇಡುವ ನೆಪದಲ್ಲಿ ಬಗ್ಗಿ, ಎಲ್ಲವನ್ನೂ ಹೇಳಿ, ತೋಳನ್ನೂ ತೋರಿಸಿದಳು. ಅಪ್ಪ ಆಚಮನ ಮುಗಿಸಿದ. ಆಮೇಲೆ ಮೆಲ್ಲಗೆ, “ನಿಮ್ಮಿಬ್ಬರ ಮೂವತ್ತೆರಡು ಗುಣ ಕೂಡ್ಯಾವ ಮಗಳ, ಸ್ವಲ್ಪ ದಿನ ತಾಳಿಕೋ, ಗ್ರಹ ಬದಲಾಗ್ತದ” ಅಂದ. ಮಧ್ಯಾಹ್ನದ ಗಾಡಿಗೆ ಹೊರಟುಹೋದ. ರಾಣಿ ಬಾಗಿಲಲ್ಲಿ ನಿಂತು ಕೈಮಾಡಿದಳು, ಕಾವಲುಗಾರರು ನೋಡುತ್ತಿದ್ದರಲ್ಲ.

ಈಗ ಕಥೆ ಒಂದು ತಿರುವಿಗೆ ಬಂದಿದೆ. ಅಲ್ಲಿಗೆ ಬರುವ ಹೂವಿನ ಮುದುಕಿ ರಾಣಿಗೆ ಒಂದು ದಾರಿ ಹೇಳಿದ್ದಾಳೆ. ರಾಜ ಬೇಟೆಗೆ ದೂರ ಹೋದ ದಿನ ಬಚ್ಚಲಿನ ಹಿಂದಿನ ಗೋಡೆ ದಾಟಿಸುತ್ತೇನೆ ಅಂದಿದ್ದಾಳೆ. ರಾಣಿಯ ಹತ್ತಿರ ಒಂದು ಬಿಡಿಕಾಸೂ ಇಲ್ಲ. ಹೋದರೆ ಎಲ್ಲಿಗೆ ಹೋಗಬೇಕು? ಹಳೆಯ ಗುಡಿಗಳಿರುವ ಒಂದು ಊರಿನಲ್ಲಿ ಒಬ್ಬಳೇ ಇರುವ ಮುದುಕಿಯೊಬ್ಬಳು ಅವಳಿಗೆ ಗೊತ್ತು. ಆದರೆ ಆ ಮುದುಕಿ ಬಾಗಿಲು ತೆರೆಯುತ್ತಾಳೋ, ಇಲ್ಲ ನಾಲ್ಕು ದಿನ ಇಟ್ಟುಕೊಂಡು ಬುದ್ಧಿ ಹೇಳಿ ವಾಪಸು ಕಳಿಸುತ್ತಾಳೋ ಎಂಬುದು ರಾಣಿಗೆ ಖಾತ್ರಿಯಿಲ್ಲ. ಕಳಿಸಿದರೆ ಅವಳು ಉಳಿಯುವುದಿಲ್ಲ.

ನೀನು ಎಷ್ಟೋ ಕಥೆ ನೋಡಿದವಳು. ನಿನಗೇನನಿಸುತ್ತದೆ? ಆ ಮುದುಕಿ ಬಾಗಿಲು ತೆರೆಯುತ್ತಾಳೆಯೇ? ಇದೊಂದಕ್ಕೆ ಮಾತ್ರ ಯೋಚಿಸಿ ಉತ್ತರ ಬರೆ ಮೌಶಿ. ಅಂಕ ಬೇಡ.

ನಿನ್ನ
ಶ್ರದ್ಧಾ

ತಾ.ಕ.: ಪಾಟಿಯನ್ನು ಟಿವಿಯ ಮುಂದೆಯೇ ಇಟ್ಟಿರು. ತೆಗೆಯಬೇಡ.


ಹೂಲಿ
೧೧-೯-೨೦೨೪

ಚಿ. ಸೌ. ಶ್ರದ್ಧಾಳಿಗೆ ಆಶೀರ್ವಾದ.

ಯೋಚಿಸಿ ಬರೆ ಅಂದಿದ್ದೀ, ಎರಡು ದಿನ ಯೋಚಿಸಿದೆ. ಗಣಪತಿಗೆ ಕಡಬು ಕರಿಯುವಾಗಲೂ ಅದೇ ಯೋಚನೆ.

ಮೊದಲು ಅಪ್ಪನ ಪಾತ್ರ. ಇದನ್ನು ಚೆನ್ನಾಗಿ ಬರೆದಿದ್ದಾರೆ. ಮಗಳನ್ನು ಕೊಟ್ಟ ಅಪ್ಪ ಅದಕ್ಕಿಂತ ಹೆಚ್ಚಿಗೆ ಏನು ಹೇಳಿಯಾನು? ನೀರು ಕುಡಿಯುವ ಹಾಗೆ ಸಹಜವಾಗಿದೆ.

ಇನ್ನು ಆ ಮುದುಕಿ. ಸಿನಿಮಾದವರು ಮುದುಕಿಯರನ್ನು ಬಹಳ ದೊಡ್ಡವರನ್ನಾಗಿ ಮಾಡುತ್ತಾರೆ. ನಿಜವಾದ ಮುದುಕಿ ಹೇಗಿರುತ್ತಾಳೆ ಕೇಳು. ಮೊಣಕಾಲು ನೋವು, ಗುಳಿಗೆಯ ಡಬ್ಬಿ, ಸಂಜೆಯಾದರೆ ಬಾಗಿಲಿಗೆ ಅಗಳಿ. ರಾಜನ ಹೆಂಡತಿ ಓಡಿಬಂದು ಬಾಗಿಲಲ್ಲಿ ನಿಂತರೆ ಅವಳು ಮೊದಲು ನಡುಗುತ್ತಾಳೆ. ಒಳಗೆ ಕರೆದರೂ ನಾಲ್ಕು ದಿನ ಉಣ್ಣಿಸಿ, ತಲೆ ಬಾಚಿ, ನಿನ್ನ ಮನೆಗೆ ಹೋಗವ್ವಾ ಅಂತ ಕಳಿಸುತ್ತಾಳೆ. ಆಕೆಗಿರುವ ಧೈರ್ಯ ಅಷ್ಟೇ. ಬಾಗಿಲು ತೆರೆದು ರಾಜನ ಎದುರು ನಿಂತಳು ಅಂತ ತೋರಿಸಿದರೆ ನಾನು ಟಿವಿ ಬಂದ್ ಮಾಡುತ್ತೇನೆ. ಅಲ್ಲದೆ ರಾಣಿ ಓಡಿಹೋದರೆ ಕಥೆಯಲ್ಲಿ ಉಳಿಯುವುದೇನು? ಕೋಟೆಯಲ್ಲೇ ಇದ್ದು ರಾಜನ ಮನಸ್ಸು ತಿರುಗಿಸಿದರೆ ಅದು ಕಥೆ. ಇರಲಿ ಅಲ್ಲೇ. ನೂರು ಕಂತು ದಾಟಿದರೆ ಎಂಥ ರಾಜನೂ ಮೆತ್ತಗಾಗುತ್ತಾನೆ, ನಾವು ಎಷ್ಟು ನೋಡಿಲ್ಲ?

ಅಂಕ ಬೇಡ ಅಂದರೂ ಕೊಡುತ್ತೇನೆ, ಕೈಗೆ ಅಭ್ಯಾಸ. ಅದೇ ನಾಲ್ಕು.

ನಿನ್ನ
ತಾರಾಮೌಶಿ

ತಾ.ಕ.: ಇದು ಚಿ. ಅಭಿಜಿತನಿಗೆ. ನೀವು ಮೊಬೈಲ್ ಅಂಗಡಿಯವರು, ನಿಮಗೆ ಇಂಥದ್ದು ಗೊತ್ತಿರುತ್ತದೆ. ಈ ‘ನಾಲ್ಕು ಬುರುಜಿನ ರಾಣಿ’ ಯಾವ ಚಾನಲ್ಲಿನಲ್ಲಿ ಬರುತ್ತದೆ? ನಮ್ಮ ನೀಲಾ ಫೋನಿನಲ್ಲಿ ಎಲ್ಲ ಕಡೆ ಹುಡುಕಿ, “ಅಂಥಾ ಸೀರಿಯಲ್ ಎಲ್ಲೂ ಇಲ್ರಿ ಟೀಚರ್” ಅಂತ ಪಾಟಿಯ ಮೇಲೆ ಬರೆದು ತೋರಿಸಿದಳು. ಶ್ರದ್ಧಾ ಹೇಳಲು ಮರೆಯುತ್ತಾಳೆ, ನೀವಾದರೂ ನಂಬರು ಬರೆದು ಕಳಿಸಿ. ಒಂದು ಕಂತು ಕಣ್ಣಾರೆ ನೋಡಬೇಕು.


ಬೈಲಹೊಂಗಲ
೨೦-೯-೨೦೨೪

ಪೂಜ್ಯ ತಾರಾಬಾಯಿ ಮೌಶಿಯವರಿಗೆ ಅಭಿಜಿತನ 
ಸಾಷ್ಟಾಂಗ ನಮಸ್ಕಾರಗಳು.

ಶ್ರದ್ಧಾಳ ಬದಲಿಗೆ ನಾನು ಬರೆಯುತ್ತಿದ್ದೇನೆ. ಕಳೆದ ಸೋಮವಾರ ಮನೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಅವಳ ಬಲಗೈಗೂ ದವಡೆಗೂ ಪೆಟ್ಟಾಗಿದೆ. ಆಸ್ಪತ್ರೆಯಲ್ಲಿ ಇಟ್ಟಿದ್ದೇವೆ. ಮಾತಾಡುವಂತಿಲ್ಲ, ಬರೆಯುವಂತೆಯೂ ಇಲ್ಲ. ಮಾವನವರಿಗೆ ತಿಳಿಸಿದ್ದೇನೆ. ತಮ್ಮ ವಯಸ್ಸಿನಲ್ಲಿ ಬರುವ ತೊಂದರೆ ತೆಗೆದುಕೊಳ್ಳಬಾರದಾಗಿ ವಿನಂತಿ.

ತಾವು ಧಾರಾವಾಹಿಯ ಬಗ್ಗೆ ಕೇಳಿದ್ದಿರಿ. ಹೆಂಗಸರ ಹರಟೆ ಎಂದು ಆ ಪುಟಗಳನ್ನು ನಾನು ಓದುತ್ತಲೇ ಇರಲಿಲ್ಲ. ತಾವು ಕೇಳಿದ ಮೇಲೆ ತಮ್ಮ ಎಲ್ಲ ಪತ್ರಗಳನ್ನು ತೆಗೆದು ಸಾವಕಾಶವಾಗಿ ಓದಿದೆ. ಅದು ಯಾವ ಚಾನಲ್ಲಿನಲ್ಲೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಬರುತ್ತಿತ್ತು. ಈಗ ಮುಗಿದಿದೆ. ಟಿವಿಯನ್ನೂ ತೆಗೆಸಿದ್ದೇನೆ.

ತಮ್ಮ ಆಜ್ಞಾಧಾರಕ
ಅಭಿಜಿತ

ತಾ.ಕ.: ತಾವು ಹತ್ತಕ್ಕೆ ನಾಲ್ಕು ಕೊಟ್ಟದ್ದು ಸರಿಯಾಗಿದೆ. ನನಗೂ ನಂಬಿಕೆ ಬರಲಿಲ್ಲ.


ಹೂಲಿ
೩೦-೯-೨೦೨೪

ಬಾಳಕೃಷ್ಣ ಭಾವನವರಿಗೆ ತಾರಾಬಾಯಿಯ ನಮಸ್ಕಾರ.

ಭಾಗೀರಥಿ ಅಕ್ಕ ಇದ್ದಾಗಿನಿಂದ ನಿಮ್ಮ ಎದುರು ದನಿ ಎತ್ತಿದವಳಲ್ಲ ನಾನು. ಇಂದು ಎತ್ತುತ್ತಿದ್ದೇನೆ. ಕೂತು ಪೂರ್ತಿ ಓದಿರಿ.

ನಿಮ್ಮ ಮಗಳು ನನ್ನ ಮನೆಯಲ್ಲಿದ್ದಾಳೆ. ನೀಲಾಳ ಫೋನಿಗೆ ನೀವು ಕಳಿಸಿದ ಸಂದೇಶ ಓದಿದೆ. ಅಭಿಜಿತನ ಜೊತೆ ಮಾತಾಡಿ ಸಮಜೂತಿಯಾಗಿದೆ, ನವರಾತ್ರಿ ಮುಗಿದ ಮೇಲೆ ಒಳ್ಳೆಯ ದಿನ ನೋಡಿ ಕಳಿಸಿಕೊಡೋಣ ಅಂತ ಬರೆದಿದ್ದೀರಿ. ಪಂಚಾಂಗ ಮಡಚಿಡಿರಿ ಭಾವ. ಕಳಿಸುವುದಿಲ್ಲ.

ಅಭಿಜಿತನ ಕಾಗದ ಇಪ್ಪತ್ತಮೂರಕ್ಕೆ ಬಂತು. ಮೊದಲ ಸಲ ಓದಿದಾಗ ಬಿದ್ದಿದ್ದಾಳೆ ಅಂತ ಮಾತ್ರ ತಿಳಿಯಿತು, ಕಣ್ಣಲ್ಲಿ ನೀರು ಬಂತು. ಎರಡನೇ ಸಲ ಓದಿದಾಗ ಟಿವಿಯ ಮಾತು ಯಾಕೆ ಬಂತು ಅನ್ನಿಸಿತು. ಟ್ರಂಕಿನಲ್ಲಿಟ್ಟಿದ್ದ ಧಾರಾವಾಹಿಯ ಕಥೆ ಅಂತ ಅವಳು ಬರೆದಿದ್ದ ಎರಡು ಕಾಗದ ತೆಗೆದು ನೆಲದ ಮೇಲೆ ಹರಡಿ ಕೂತೆ. ನಾಲ್ಕು ಬುರುಜು ಅಂದರೆ ನೀವು ಹೊಗಳಿ ಬರೆದ ನಾಲ್ಕು ಕ್ಯಾಮೆರಾ. ಬೇಟೆ ಅಂದರೆ ಅವನು ಅಂಗಡಿಗೆ ಮಾಲು ತರಲು ಹುಬ್ಬಳ್ಳಿಗೆ ಹೋಗುವ ದಿನ. ಗುಡಿಗಳ ಊರು ಹೂಲಿ. ಮುದುಕಿ ನಾನು. ಫೋನು ಕಸಿದುಕೊಂಡ ಗಂಡ, ಬರೆಯುವುದನ್ನೂ ಕ್ಯಾಮೆರಾದಲ್ಲಿ ನೋಡುವ ಗಂಡ. ಅವಳಿಗೆ ಉಳಿದದ್ದು ಪಾಟಿಯ ಹಳೆಯ ಆಟ ಒಂದೇ. ಆನೆಮರಿ ನೆನಪಿದೆ ಅಂತ ಮತ್ತೆ ಸುಳಿವನ್ನೂ ಕೊಟ್ಟಿದ್ದಳು. ನಾನು ಕೆಂಪು ಪೆನ್ನು ಹಿಡಿದು ಅಂಕ ಹಾಕುತ್ತ ಕೂತಿದ್ದೆ.

ಮರುದಿನ ನೀಲಾಳನ್ನು ಕರೆದುಕೊಂಡು ಸವದತ್ತಿಗೆ ಹೋಗಿ, ಅಲ್ಲಿಂದ ಬೈಲಹೊಂಗಲದ ಬಸ್ಸು ಹಿಡಿದೆ. ಮನೆಗೆ ಕೀಲಿ ಹಾಕಿತ್ತು. ಬಾಗಿಲ ಮೇಲೆ ಒಂದು ಕ್ಯಾಮೆರಾ ಕೆಂಪಗೆ ಉರಿಯುತ್ತಿತ್ತು. ಅದರ ಮುಂದೆ ನಿಂತು, “ಅಭಿಜಿತ, ನಾನು ತಾರಾಬಾಯಿ. ಶ್ರದ್ಧಾ ಎಲ್ಲದಾಳ?” ಅಂತ ಕೂಗಿದೆನಂತೆ. ಎಷ್ಟು ಜೋರಾಗಿ ಕೂಗಿದೆನೋ ನನಗೇನು ತಿಳಿಯಬೇಕು, ಓಣಿಯ ಬಾಗಿಲುಗಳೆಲ್ಲ ತೆರೆದವು. ಅವನು ಅಂಗಡಿಯಲ್ಲಿ ಕೂತು ನೋಡಿರಬೇಕು. ಬರಲಿಲ್ಲ. ಬಂದವಳು ಹೂವು ಮಾರುವ ಗುರವ್ವ. ಅವಳೇ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದಳು. ಬಚ್ಚಲ ಗೋಡೆಯ ಮಾತನ್ನೂ ದಾರಿಯಲ್ಲಿ ಹೇಳಿದಳು, ನೀಲಾ ಬರೆದು ತೋರಿಸಿದಳು. ಶ್ರದ್ಧಾ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದಳಂತೆ. ಉತ್ತರ ಬಂದ ಮೇಲೆ, ಬ್ಯಾಡ ಬಿಡವ್ವ ಅಂದಳಂತೆ.

ಆಸ್ಪತ್ರೆಯ ಚೀಟಿಯಲ್ಲಿ ಮೆಟ್ಟಿಲಿನಿಂದ ಬಿದ್ದದ್ದು ಅಂತಿದೆ. ನೀವು ಆ ಮನೆಯಲ್ಲಿ ಹೋಳಿಗೆ ಉಂಡು ಬಂದವರು, ನೀವೇ ಹೇಳಿರಿ. ಆ ಮನೆಗೆ ಹೊಸ್ತಿಲು ಬಿಟ್ಟರೆ ಹತ್ತಿ ಇಳಿಯುವಂಥದ್ದು ಏನಿದೆ?

ದವಡೆಗೆ ತಂತಿ ಬಿಗಿದಿದ್ದಾರೆ, ಬಲ ಮುಂಗೈ ಪ್ಲಾಸ್ಟರಿನಲ್ಲಿದೆ. ತೋಳಿನ ಮೇಲಿನ ಹಳೆಯ ಕಲೆಗಳನ್ನು ನಾನು ಎಣಿಸಲಿಲ್ಲ. ನನ್ನನ್ನು ನೋಡಿ ಅಳಲಿಲ್ಲ, ನಗಲಿಲ್ಲ. ಹೊರಡುವ ಹೊತ್ತಿಗೆ ಯಾರ ಮನೆಗೆ ಒಯ್ಯುತ್ತೀರಿ ಅಂತ ನರ್ಸ್ ಕೇಳಿದಾಗ ಮಾತ್ರ ಎಡಗೈಯಿಂದ ನನ್ನ ಸೆರಗು ಹಿಡಿದಳು. ಇಲ್ಲಿಗೆ ಬಂದು ಐದು ದಿನವಾಯಿತು. ಟಿವಿಗೆ ಬೆನ್ನು ಮಾಡಿ ಗೋಡೆ ನೋಡುತ್ತ ಕೂಡುತ್ತಾಳೆ. ಗಂಜಿಯನ್ನು ನಳಿಕೆಯಿಂದ ಹೀರುತ್ತಾಳೆ. ಕಿವುಡಿ ನಾನು, ಮೂಕಿ ಅವಳು. ಪಾಟಿ ಕೊಟ್ಟರೂ ಏನೂ ಬರೆದಿಲ್ಲ.

ಆಸ್ಪತ್ರೆಯಿಂದ ಹೊರಟ ದಿನವೇ, ಇಲ್ಲಿಗೆ ಬರುವ ಮೊದಲು, ಅವಳನ್ನು ಕರೆದುಕೊಂಡು ಪೊಲೀಸ್ ಠಾಣೆಗೂ ಹೋಗಿದ್ದೆ. ಎಲ್ಲ ಕಾಗದ ಮುಂದಿಟ್ಟೆ. ಅಲ್ಲಿದ್ದವರು ಓದಿದರು, ಬೇಸರವಿಲ್ಲದೆ ಓದಿದರು. ಆಮೇಲೆ ನನ್ನ ಪಾಟಿ ತೆಗೆದುಕೊಂಡು ಬರೆದರು: “ಅಜ್ಜಿ, ಇದು ಸೀರಿಯಲ್ ಕಥಿ ಐತ್ರಿ. ಇದರಾಗ ಗಂಡ ಹೊಡದ ಅಂತ ಎಲ್ಲೈತಿ?” ನಿಜ. ಎಲ್ಲಿಯೂ ಇಲ್ಲ. ಅವನಿಗೆ ತಿಳಿಯಬಾರದೆಂದು ಅವಳು ಅಷ್ಟು ಜೋಪಾನವಾಗಿ ಬರೆದಿದ್ದಳು, ಈಗ ಯಾರಿಗೂ ತಿಳಿಯುವುದಿಲ್ಲ. ಅವನ ಕಾಗದದಲ್ಲೂ ಟಿವಿಯ ಮಾತು ಬಿಟ್ಟರೆ ಏನೂ ಇಲ್ಲ. ಅವಳನ್ನು ಕೇಳಿದರೆ ತಲೆ ತಗ್ಗಿಸಿ ಕೂತಳು. ಯಾರ ಹತ್ತಿರವಾದರೂ ಮೊದಲೇ ಹೇಳಿಕೊಂಡಿದ್ದರೆ ಅವರು ಬಂದು ಹೇಳಿಕೆ ಕೊಡಲಿ ಅಂದರು. ಗುರವ್ವ ಆ ಓಣಿಯಲ್ಲೇ ಹೂವು ಮಾರಿ ಬದುಕುವವಳು, ಠಾಣೆಗೆ ಬರಲು ಅಂಜಿದಳು.

ಇನ್ನೊಬ್ಬರ ಹತ್ತಿರ ಹೇಳಿಕೊಂಡಿದ್ದಾಳೆ. ದೇವರ ಕೋಣೆಯಲ್ಲಿ, ತಂಬಿಗೆ ಇಡುವ ನೆಪದಲ್ಲಿ, ತೋಳು ತೋರಿಸಿ. ನೀವು ಆಚಮನ ಮಾಡುತ್ತಿದ್ದಿರಿ.

ನಿಮ್ಮ ಅಂಜಿಕೆ ನನಗೆ ಗೊತ್ತು. ರಾಮದುರ್ಗದಲ್ಲಿ ಅರ್ಧ ಊರಿನ ಜಾತಕ ನೀವು ಕೂಡಿಸಿದ್ದು. ಸ್ವಂತ ಮಗಳದೇ ಮೂವತ್ತೆರಡು ಗುಣ ಹೀಗಾಯಿತು ಅಂತ ಠಾಣೆಯಲ್ಲಿ ಹೇಳಿದರೆ ನಾಳೆ ನಿಮ್ಮ ಕಟ್ಟೆಗೆ ಯಾರು ಬರುತ್ತಾರೆ ಎಂಬ ಭಯ. ಯಾರೂ ಬರದಿರಲಿ. ನನ್ನ ಪಿಂಚಣಿಯಲ್ಲಿ ಮೂರು ಜನ ಉಣ್ಣಬಹುದು.

ನಿಮ್ಮನ್ನು ಬೈಯುವ ಬಾಯಿ ನನಗಿಲ್ಲ, ಅದೂ ಗೊತ್ತು. ನೀವು ಕೇಳಿ ಸುಮ್ಮನಾದಿರಿ. ನಾನು ಬಾಗಿಲು ತೆರೆಯುವುದಿಲ್ಲ ಅಂತ ಅವಳಿಗೆ ಬರೆದು, ಅದೇ ಕಾಗದದ ಕೆಳಗೆ ಅವನಿಗೆ ಸುದ್ದಿ ಮುಟ್ಟಿಸಿದೆ. ಸೋಮವಾರ ಅವನು ಎತ್ತಿದ ಕೈಗೆ ನನ್ನ ಕಾಗದವೇ ಕಾರಣ. ನಿಮಗೆ ಒಂದು ಮಾತು ಹೇಳಲು ಇನ್ನೂ ದಾರಿಯಿದೆ, ನನಗೆ ಆ ದಾರಿಯೂ ಇಲ್ಲ. ಆದ್ದರಿಂದ ಬೇಡಿಕೊಳ್ಳುತ್ತಿದ್ದೇನೆ. ದಸರೆಯೊಳಗೆ ಬನ್ನಿರಿ. ಅವಳು ಅಂದು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸಿರಿ, ಒಂದಕ್ಷರ ಹೆಚ್ಚು ಬೇಡ. ನೀವು ಬರದಿದ್ದರೆ ಅವನು ಬರುತ್ತಾನೆ, ನೆಂಟರನ್ನು ಕರೆದುಕೊಂಡು, ನೀವು ನೋಡಿಕೊಟ್ಟ ಒಳ್ಳೆಯ ದಿನವೇ ಬರುತ್ತಾನೆ. ಬಾಗಿಲಲ್ಲಿ ನಾನೊಬ್ಬಳೇ ನಿಂತಿರುತ್ತೇನೆ. ಮೊಣಕಾಲು ನೋವಿನ ಮುದುಕಿ.

ತಾರಾಬಾಯಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಪಾಟಿಯ ಮೇಲೆ ಅವಳು ಏನೂ ಬರೆದಿಲ್ಲ ಅಂದೆ. ಬಂದ ದಿನ ಸಂಜೆಯೇ ಬರೆದಿದ್ದಾಳೆ, ಎಡಗೈಯಲ್ಲಿ, ಒಂದನೇ ಇಯತ್ತೆಯ ಮಕ್ಕಳ ಹಾಗೆ ದೊಡ್ಡ ದೊಡ್ಡ ಅಕ್ಷರದಲ್ಲಿ. “ಈಗರೆ ನಂಬಿಕಿ ಬಂತೇನ ಮೌಶಿ?” ಅದರ ಕೆಳಗೆ, ನಾನು ಹಾಕುವ ಹಾಗೆಯೇ ಒಂದು ಗೆರೆ ಎಳೆದು, ಗೆರೆಯ ಕೆಳಗೆ ಹತ್ತು ಅಂತ ಬರೆದು, ಮೇಲಿನ ಜಾಗವನ್ನು ಖಾಲಿ ಬಿಟ್ಟಿದ್ದಾಳೆ. ಐದು ದಿನದಿಂದ ಪಾಟಿ ಹಾಗೆಯೇ ಇದೆ. ನಾನು ಒರೆಸಿಲ್ಲ, ಏನೂ ತುಂಬಿಲ್ಲ.